ಲ್ಯಾಟಿನೋ ಮಕ್ಕಳ ಮನಃಸ್ವಾಸ್ಥ್ಯದ ಮೇಲಿನ ಪ್ರಹಾರ: ಸಂಘದ ಖಂಡನಾ ಹೇಳಿಕೆ

ಅಮೆರಿಕದಲ್ಲಿ ವಲಸೆ ಕಾನೂನು ಜಾರಿಯ ಹೆಸರಿನಲ್ಲಿ ಲ್ಯಾಟಿನೋ ಕುಟುಂಬಗಳ ಮೇಲೆ ನಡೆಯುತ್ತಿರುವ ದಾಳಿ, ಬಂಧನ ಹಾಗೂ ಗಡೀಪಾರುಗಳನ್ನು, ಅವುಗಳಿಂದ ಹದಿಹರೆಯದ ಮಕ್ಕಳ ಮನಸ್ಸಿಗೆ ಒದಗಿರುವ ಆಘಾತವನ್ನು, ಈ ದೇಶದಲ್ಲಿ ನೆಲೆಸಿರುವ ಕನ್ನಡಿಗ ವೈದ್ಯರು, ಆಪ್ತಸಮಾಲೋಚಕರು ಮತ್ತು ಶಿಕ್ಷಕರ ನಮ್ಮ ಸಂಘವು ಒಕ್ಕೊರಲಿನಿಂದ ಖಂಡಿಸುತ್ತದೆ. ಗಡಿಯನ್ನು ಕಾಯುವ, ವಲಸೆಯನ್ನು ನಿಯಂತ್ರಿಸುವ ಅಧಿಕಾರ ಪ್ರತಿಯೊಂದು ಸಾರ್ವಭೌಮ ರಾಷ್ಟ್ರಕ್ಕೂ ಉಂಟು. ವೀಸಾದ ಒಂದು ಮುದ್ರೆಗಾಗಿ ವರ್ಷಗಟ್ಟಲೆ ಕಾದವರಾದ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಅಧಿಕಾರವು ಶಾಲೆಯ ಹೊಸ್ತಿಲು ದಾಟಿ ಮಗುವಿನ ನಿದ್ರೆಯನ್ನೇ ಕಸಿಯುವುದನ್ನು ಯಾವ ನ್ಯಾಯವೂ ಸಮರ್ಥಿಸಲಾರದು.

ಹೆತ್ತವರ ಕೃತ್ಯಕ್ಕೆ ಮಕ್ಕಳನ್ನು ದಂಡಿಸುವುದು ನ್ಯಾಯಸಮ್ಮತವಲ್ಲವೆಂಬುದು ನಾವು ಹೊರಗಿನಿಂದ ತಂದ ತತ್ತ್ವವಲ್ಲ. ಇಲ್ಲಿನ ಸರ್ವೋಚ್ಚ ನ್ಯಾಯಾಲಯವೇ 1982ರ ಪ್ಲೈಲರ್ ವಿರುದ್ಧ ಡೋ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿದು, ದಾಖಲೆಪತ್ರವಿಲ್ಲದ ಮಕ್ಕಳಿಗೂ ಸಾರ್ವಜನಿಕ ಶಾಲೆಯ ಬಾಗಿಲು ಮುಚ್ಚಕೂಡದೆಂದು ಟೆಕ್ಸಾಸ್ ರಾಜ್ಯಕ್ಕೆ ವಿಧಿಸಿತು. ಆದರೂ ಶಾಲೆ, ಆಸ್ಪತ್ರೆ, ಪ್ರಾರ್ಥನಾಮಂದಿರಗಳಲ್ಲಿ ವಲಸೆ ಅಧಿಕಾರಿಗಳು ಕಾರ್ಯಾಚರಣೆ ನಡೆಸುವುದಕ್ಕೆ 2011ರಿಂದ ಇದ್ದ ಲಿಖಿತ ಕಡಿವಾಣವನ್ನು 2025ರ ಜನವರಿಯಲ್ಲಿ, ಹೊಸ ಆಡಳಿತದ ಆರಂಭದ ದಿನಗಳಲ್ಲೇ, ತೆಗೆದುಹಾಕಲಾಯಿತು. ಅದಕ್ಕೂ ಮುನ್ನ, 2019ರ ಆಗಸ್ಟ್‌ನಲ್ಲಿ, ಮಿಸಿಸಿಪ್ಪಿಯ ಕೋಳಿಮಾಂಸ ಕಾರ್ಖಾನೆಗಳಲ್ಲಿ ಒಂದೇ ದಿನ ಸುಮಾರು 680 ಮಂದಿಯನ್ನು ಬಂಧಿಸಿದಾಗ, ಶಾಲೆ ಬಿಟ್ಟ ಅನೇಕ ಮಕ್ಕಳನ್ನು ಕರೆದೊಯ್ಯಲು ಹೆತ್ತವರು ಇರಲಿಲ್ಲ.

ಈ ಆಘಾತವು ಕೇವಲ ಊಹೆಯೂ ಅಲ್ಲ. ಅಟ್ಲಾಂಟಾ ಹೊರವಲಯದ 11ರಿಂದ 16 ವರ್ಷದ 547 ಲ್ಯಾಟಿನೋ ಮಕ್ಕಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವು, ಮನೆಯವರೊಬ್ಬರು ಬಂಧನಕ್ಕೋ ಗಡೀಪಾರಿಗೋ ಒಳಗಾದ ಮಕ್ಕಳಲ್ಲಿ ಆತ್ಮಹತ್ಯೆಯ ಆಲೋಚನೆ ಮೂಡುವ ಸಂಭವವು ಉಳಿದವರಿಗಿಂತ ಎರಡು ಪಟ್ಟಿಗೂ ಮಿಗಿಲೆಂದು ತೋರಿಸಿದೆ. ನಮ್ಮ ಸದಸ್ಯರಿಗೆ ಆ ಅಂಕಿಗಳ ಮುಖಗಳು ಗೊತ್ತು: ಅಮ್ಮ ಕೆಲಸದಿಂದ ಮನೆ ಸೇರಿದಳೆಂಬ ಸಂದೇಶಕ್ಕಾಗಿ ಡೆಸ್ಕಿನ ಅಡಿಯಲ್ಲಿ ಫೋನ್ ಹಿಡಿದು, ಗಣಿತದ ಪುಟ ತಿರುವದೆ ಕುಳಿತ ಹುಡುಗಿ, ‘ಲಾ ಮಿಗ್ರಾ’ (ವಲಸೆ ಪೊಲೀಸರು) ಬಂದರೆ ತಮ್ಮನನ್ನು ಯಾರ ಮನೆಗೆ ಕರೆದೊಯ್ಯಬೇಕೆಂದು ಬರೆದ ಚೀಟಿಯನ್ನು ಶಾಲಾಚೀಲದ ಒಳಜೇಬಿನಲ್ಲಿ ಮಡಿಚಿಟ್ಟುಕೊಂಡ ಹುಡುಗ. ಇಂಥ ಮಕ್ಕಳಲ್ಲಿ ಅನೇಕರು ಇದೇ ನೆಲದಲ್ಲಿ ಹುಟ್ಟಿದ, ಇದೇ ದೇಶದ ಪೌರರು. ಪರಿಣಾಮ ತಿಳಿಯದೆ ಎಸಗಿದ ಹಾನಿಯನ್ನು ಪ್ರಮಾದವೆನ್ನಬಹುದು. ತಿಳಿದೂ ಮುಂದುವರಿಸಿದ್ದನ್ನು ಹಾಗೆನ್ನಲಾಗದು.

ಆದ್ದರಿಂದ, ಶಾಲೆ ಮತ್ತು ಆಸ್ಪತ್ರೆಗಳಿಗಿದ್ದ ರಕ್ಷಣೆಯನ್ನು ಒಕ್ಕೂಟ ಸರ್ಕಾರವು ವಿಳಂಬವಿಲ್ಲದೆ ಮರಳಿ ಸ್ಥಾಪಿಸಬೇಕೆಂದೂ, ಮಕ್ಕಳ ಪಾಲನೆಗೆ ವ್ಯವಸ್ಥೆಯಾಗದೆ ಹೆತ್ತವರನ್ನು ಸ್ಥಳಾಂತರಿಸಕೂಡದೆಂದೂ, ಸ್ಪ್ಯಾನಿಷ್ ಬಲ್ಲ ಆಪ್ತಸಮಾಲೋಚಕರನ್ನು ರಾಜ್ಯ ಸರ್ಕಾರಗಳು ಶಾಲೆಗಳಿಗೆ ನೇಮಿಸಬೇಕೆಂದೂ ಸಂಘವು ಆಗ್ರಹಿಸುತ್ತದೆ. ಇದು ಅನ್ಯರ ಪಾಡೆಂದು ಕನ್ನಡಿಗರು ಸುಮ್ಮನಿರಬಾರದು. ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲೇ ಕುಳಿತಿರುವ ಆ ಮಕ್ಕಳ ಪರವಾಗಿ, ನಿಮ್ಮೂರಿನ ಶಾಲಾ ಮಂಡಳಿಯ ಮುಂದಿನ ಸಭೆಗೆ ಹೋಗಿ ದನಿಯೆತ್ತಬೇಕೆಂದು ಪ್ರತಿಯೊಬ್ಬರನ್ನೂ ಕೋರುತ್ತೇವೆ.