ಶಾಲೆಯ ಗುಮಾಸ್ತರನ್ನು ನೆನೆಯುವುದು ಹೇಗೆ

ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿ ದುಡಿದವರು ನಿವೃತ್ತರಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ತೀರಿಕೊಂಡರೆ ಬೆಳಗಿನ ಪ್ರಾರ್ಥನೆಯಲ್ಲಿ ಒಂದು ನಿಮಿಷದ ಮೌನ. ಶಿಕ್ಷಕರಿಗೆ ಸೆಪ್ಟೆಂಬರ್ 5 ಇದೆ, ಜಿಲ್ಲಾ ಮಟ್ಟದ, ರಾಜ್ಯ ಮಟ್ಟದ ಪ್ರಶಸ್ತಿಗಳಿವೆ, ಇರಬೇಕಾದದ್ದೇ. ಆದರೆ ಕಚೇರಿ ಕೋಣೆಯಲ್ಲಿ ಕೂತು ಇಡೀ ಊರಿನ ಮಕ್ಕಳ ಹೆಸರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟುಹೋದ ದಿನ ಬರೆದಿಟ್ಟವರಿಗೆ ಊರಿನ ನೆನಪಿನಲ್ಲಿ ಜಾಗ ಕಡಿಮೆ. ಕೃತಜ್ಞತೆ ಸಾಲದು ಎಂಬುದಷ್ಟೇ ಇಲ್ಲಿನ ತೊಂದರೆಯಾಗಿದ್ದರೆ ಒಂದು ಸನ್ಮಾನದಿಂದ ಸರಿಹೋಗುತ್ತಿತ್ತು. ಆದರೆ ಆ ಕೆಲಸವನ್ನು ಶಿಕ್ಷಣದ ಭಾಗವೆಂದು ನಾವು ಎಣಿಸಲೇ ಇಲ್ಲ. ಹಾಗಾಗಿ ಅವರು ಎದ್ದುಹೋದ ಕುರ್ಚಿ ವರ್ಷಗಟ್ಟಲೆ ಖಾಲಿ ಉಳಿದರೂ ಊರಿಗೆ ಅದು ಕೊರತೆ ಅನ್ನಿಸುವುದಿಲ್ಲ. ದೀರ್ಘಕಾಲ ದುಡಿದ ಗುಮಾಸ್ತರಿಗೆ ಸಲ್ಲಬೇಕಾದ ಗೌರವವೆಂದರೆ ಅವರ ಹುದ್ದೆಯನ್ನು ತುಂಬುವುದು, ಹುದ್ದೆಯೇ ಇಲ್ಲದ ಶಾಲೆಗಳಿಗೆ ಅದನ್ನು ಕೊಡುವುದು, ಅವರು ಬರೆದ ದಾಖಲೆ ಪುಸ್ತಕಗಳನ್ನು ಉಳಿಸುವುದು. ಬೆಂಗಳೂರಿನ ಅಂಚಿನ ಆನೇಕಲ್ ತಾಲ್ಲೂಕಿನಂಥ ಕಡೆ ಇದು ತುರ್ತಾಗಿ ಆಗಬೇಕು.

ಶಾಲೆಯ ದಾಖಲಾತಿ ಪುಸ್ತಕದ ಒಂದು ಸಾಲು ಎಷ್ಟು ದೂರ ಹೋಗುತ್ತದೆ ನೋಡಿ. ಅಲ್ಲಿ ಬರೆದ ಹೆಸರು, ಜನ್ಮ ದಿನಾಂಕಗಳೇ ಹತ್ತನೇ ತರಗತಿಯ ಪರೀಕ್ಷಾರ್ಥಿಗಳ ಪಟ್ಟಿ (ನಾಮಿನಲ್ ರೋಲ್) ಸೇರುತ್ತವೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾಗುತ್ತವೆ, ಅಲ್ಲಿಂದ ನೌಕರಿಗೆ, ಪಾಸ್‌ಪೋರ್ಟಿಗೆ, ಪಿಂಚಣಿಗೆ ಆಧಾರವಾಗುತ್ತವೆ. ಸರ್ಕಾರಿ ನೌಕರರ ಸೇವಾ ಪುಸ್ತಕದಲ್ಲಿ ಒಮ್ಮೆ ನಮೂದಾದ ಜನ್ಮ ದಿನಾಂಕವನ್ನು ಬದಲಿಸಲು 1974ರ ಕರ್ನಾಟಕ ರಾಜ್ಯ ನೌಕರರ ವಯಸ್ಸು ನಿರ್ಧಾರ ಕಾಯ್ದೆ ಬಹಳ ಬಿಗಿಯಾದ ಮಿತಿ ಹಾಕಿದೆ. ಹಳೆಯ ತಲೆಮಾರಿನಲ್ಲಿ ಜೂನ್ 1ರಂದು ಹುಟ್ಟಿದವರು ಅಷ್ಟೊಂದು ಮಂದಿ ಇರುವುದು ಶಾಲೆ ತೆರೆಯುವ ದಿನವನ್ನೇ ಹುಟ್ಟಿದ ದಿನವಾಗಿ ಬರೆದದ್ದರಿಂದ. ಮೇ 31ರಂದು ನಿವೃತ್ತರಾಗುವವರ ಸಾಲು ಉದ್ದವಿರುವುದಕ್ಕೆ ಕಾರಣವೂ ಅದೇ. ಒಬ್ಬರ ಲೇಖನಿ ಅರವತ್ತು ವರ್ಷದ ಬದುಕಿನ ಲೆಕ್ಕ ಕಟ್ಟಿಬಿಡುತ್ತದೆ. ಇನ್ನೂ ಗಂಭೀರ ಸಂದರ್ಭಗಳಿವೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮೊದಲು ನೋಡಬೇಕಾದದ್ದು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ. ಅದು ಸಿಗದಿದ್ದರೆ ನಗರಸಭೆಯ ಅಥವಾ ಪಂಚಾಯಿತಿಯ ಜನನ ಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಸಿಕ್ಕಿಬಿದ್ದ ಹುಡುಗ ಬಾಲಕನೋ ವಯಸ್ಕನೋ, ಮದುವೆ ಮಾಡಹೊರಟ ಹುಡುಗಿಗೆ ಹದಿನೆಂಟು ತುಂಬಿದೆಯೋ ಇಲ್ಲವೋ ಎಂಬ ಪ್ರಶ್ನೆ ಎದ್ದಾಗ ಅಧಿಕಾರಿಗಳು ಬಂದು ನಿಲ್ಲುವುದು ಶಾಲೆಯ ಕಚೇರಿಯ ಬೀರುವಿನ ಮುಂದೆ.

ಈಗ ಆನೇಕಲ್‌ಗೆ ಬರೋಣ. ರಾಗಿ ಹೊಲಗಳ, ರೇಷ್ಮೆ ಮಗ್ಗಗಳ ತಾಲ್ಲೂಕು ಇದು. ಎಪ್ಪತ್ತರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗ ಆನೇಕಲ್ಲಿನ ಅಂಚು ಬದಲಾಗತೊಡಗಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ತಾಲ್ಲೂಕಿನ ಒಳಗೇ ಬೇರೊಂದು ಜನ ಬಂದು ನೆಲೆಸಿತು: ಜಿಗಣಿಯ ಗ್ರಾನೈಟ್ ಘಟಕಗಳಿಗೆ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗೆ, ಕಟ್ಟಡದ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿಯಿಂದ, ಗಡಿಯಾಚೆಯ ತಮಿಳುನಾಡು, ಆಂಧ್ರದಿಂದ, ಒಡಿಶಾ, ಬಿಹಾರ, ಅಸ್ಸಾಂನಿಂದ ಬಂದವರು. ಅವರ ಮಕ್ಕಳು ಜೂನ್‌ನಲ್ಲೇ ಸೇರಿ ಏಪ್ರಿಲ್‌ವರೆಗೆ ಇರುತ್ತಾರೆಂಬ ಖಾತ್ರಿಯಿಲ್ಲ. ದೀಪಾವಳಿ ಕಳೆದು ಬರುತ್ತಾರೆ, ಯುಗಾದಿಗೆ ಊರಿಗೆ ಹೋದವರು ಮರಳುವುದಿಲ್ಲ, ಗುತ್ತಿಗೆ ಮುಗಿದರೆ ಅಪ್ಪ ಅಮ್ಮನ ಜೊತೆ ಇನ್ನೊಂದು ಸೈಟಿಗೆ ಹೊರಡುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ ಇಂಥ ಮಗುವಿನ ಪರವಾಗಿಯೇ ಇದೆ: ವಯಸ್ಸಿನ ಪುರಾವೆ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ವರ್ಗಾವಣೆ ಪತ್ರ (ಟಿ.ಸಿ.) ತಡವಾಯಿತೆಂದು ಬಾಗಿಲು ಮುಚ್ಚುವಂತಿಲ್ಲ, ಕೇಳಿದ ಕೂಡಲೇ ಟಿ.ಸಿ. ಕೊಡಬೇಕು. ಈ ಒಂದೊಂದು ಹಕ್ಕೂ ಜಾರಿಯಾಗಬೇಕಾದರೆ ಯಾರೋ ಒಬ್ಬರು ಆ ಮಗುವಿನ ತಾಯಿಯ ಭಾಷೆ ಅರ್ಥ ಮಾಡಿಕೊಂಡು, ಹೆಸರನ್ನು ಎರಡು ಸಲ ಕೇಳಿ, ಆಧಾರ್ ಕಾರ್ಡಿನ ಅಕ್ಷರ ನೋಡಿ, ಸರಿಯಾಗಿ ಬರೆದುಕೊಳ್ಳಬೇಕು. ಅದು ಅರ್ಧ ಗಂಟೆಯ ಕೆಲಸ, ತಾಳ್ಮೆಯ ಕೆಲಸ.

ಇಲ್ಲಿಯವರೇ ಆದವರಿಗೂ ಪುಸ್ತಕದ ಹಂಗು ತಪ್ಪಿಲ್ಲ. ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಒಂದರಿಂದ ಹತ್ತರವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದರೆಂಬುದನ್ನು ಮುಖ್ಯೋಪಾಧ್ಯಾಯರು ಬರೆದುಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿ ಮೇಲುಸಹಿ ಹಾಕಿದರೆ ಮಾತ್ರ ಅದು ದಕ್ಕುತ್ತದೆ. ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ, ಜಿಗಣಿ, ಅತ್ತಿಬೆಲೆಗಳು ನೋಡನೋಡುತ್ತ ಪಂಚಾಯಿತಿಯಿಂದ ಪುರಸಭೆ, ನಗರಸಭೆಗಳಾದವು. ತೊಂಬತ್ತರ ದಶಕದಲ್ಲಿ ಅಲ್ಲಿ ಓದಿದವರು ಇವತ್ತು ತಾವು ಹಳ್ಳಿಯ ಶಾಲೆಯಲ್ಲಿ ಕಲಿತೆವೆಂದು ಹೇಳಿದರೆ ಹೊರಗಿನವರು ನಂಬುವುದು ಕಷ್ಟ. ಊರೇ ಗುರುತು ಸಿಗದಷ್ಟು ಬದಲಾದ ಕಡೆ, ಅದು ಊರಾಗಿದ್ದ ಕಾಲದ ಸಾಕ್ಷಿ ಉಳಿದಿರುವುದು ಗುಮಾಸ್ತರೊಬ್ಬರ ಕೈಬರಹದಲ್ಲಿ.

ಇಷ್ಟು ಭಾರದ ಕೆಲಸಕ್ಕೆ ನಾವು ಕೊಟ್ಟಿರುವ ಸ್ಥಾನವೇನು? 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಏನೇನು ಇರಬೇಕೆಂದು ಪಟ್ಟಿ ಮಾಡುತ್ತದೆ: ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ಕುಡಿಯುವ ನೀರು, ಶೌಚಾಲಯ, ಆಟದ ಮೈದಾನ, ಗ್ರಂಥಾಲಯ. ಕಚೇರಿ, ಉಗ್ರಾಣ, ಮುಖ್ಯ ಶಿಕ್ಷಕರ ಕೊಠಡಿ ಎಲ್ಲ ಒಂದೇ ಆದ ಒಂದು ಕೋಣೆಯನ್ನೂ ಹೇಳುತ್ತದೆ. ಆ ಕೋಣೆಯಲ್ಲಿ ಕೂರಬೇಕಾದ ಗುಮಾಸ್ತರ ಮಾತೇ ಅದರಲ್ಲಿಲ್ಲ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗುಮಾಸ್ತರ ಹುದ್ದೆಯೇ ಇಲ್ಲ. ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರು ಇರುವುದು ಪ್ರೌಢಶಾಲೆಗಳಲ್ಲಿ, ಅಲ್ಲೂ ಖಾಲಿ ಕುರ್ಚಿಗಳು ಅಪರೂಪವಲ್ಲ. ಹಾಗಾಗಿ ಮಕ್ಕಳ ವಿವರದ ಪೋರ್ಟಲ್ ಆದ ಸ್ಯಾಟ್ಸ್ ನಮೂದು, ಶಾಲೆಯ ಅಂಕಿಅಂಶದ ಯು-ಡೈಸ್ ಮಾಹಿತಿ, ವಿದ್ಯಾರ್ಥಿವೇತನದ ಅರ್ಜಿ, ಅಕ್ಷರ ದಾಸೋಹದ ಅಕ್ಕಿ ಬೇಳೆಯ ಲೆಕ್ಕ, ಹಾಲಿನ ಪುಡಿ ಮೊಟ್ಟೆಯ ಲೆಕ್ಕ, ಅನುದಾನದ ನಗದು ಪುಸ್ತಕ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ನಡಾವಳಿ ಎಲ್ಲವನ್ನೂ ನೋಡಿಕೊಳ್ಳುವುದು ಪಾಠ ಮಾಡಬೇಕಾದ ಮೇಷ್ಟ್ರು, ಮೇಡಂಗಳು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಅದೇ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಶಾಲೆಯೊಳಗಿನ ಬರವಣಿಗೆ ಕೆಲಸ ಅದರ ಹಿಡಿತಕ್ಕೆ ಸಿಗದೆ ನುಸುಳಿಕೊಂಡಿದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಅಪ್‌ಲೋಡ್ ಮಾಡುತ್ತ ಕೂತರೆ ಅರ್ಧ ಶಾಲೆಗೆ ಆ ಹೊತ್ತು ಪಾಠವಿಲ್ಲ. ನಷ್ಟವಾಗುವುದು ಮಗುವಿಗೆ.

ಎಲ್ಲ ಕಂಪ್ಯೂಟರಿಗೆ ಹೋದ ಮೇಲೆ ಗುಮಾಸ್ತರು ಯಾಕೆ ಎನ್ನುವವರಿದ್ದಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ ಎಂದು ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿಯೂ ಬಂದಿದೆ, ಶಾಲೆಯ ಪುಸ್ತಕದ ಕಾಲ ಮುಗಿಯಿತು ಎಂಬ ವಾದವೂ ಇದೆ. ಈ ವಾದದಲ್ಲಿ ಸತ್ಯಾಂಶವಿದೆ, ಆದರೆ ಅದು ಫಲ ಕೊಡುವುದು ಇನ್ನೂ ಹತ್ತು ಹದಿನೈದು ವರ್ಷ ಕಳೆದ ಮೇಲೆ. ಇವತ್ತು ಬದುಕಿರುವ ಬಹುಪಾಲು ಜನ ಅದಕ್ಕೂ ಮೊದಲು ಹುಟ್ಟಿದವರು. ಇನ್ನು ಕಂಪ್ಯೂಟರ್ ತಾನಾಗಿ ಏನನ್ನೂ ತಿಳಿದುಕೊಳ್ಳುವುದಿಲ್ಲ. ಅಪ್ಪನ ಹೆಸರು ಆಧಾರ್‌ನಲ್ಲಿ ಒಂದು ಥರ, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು ಥರ, ಸ್ಯಾಟ್ಸ್‌ನಲ್ಲಿ ಮತ್ತೊಂದು ಥರ ಇದ್ದರೆ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಪುಸ್ತಕದಲ್ಲಿ ಆದ ತಪ್ಪು ಬೀರುವಿನಿಂದ ಹೊರಗೆ ಹರಡಲು ವರ್ಷಗಳು ಹಿಡಿಯುತ್ತಿದ್ದವು. ಪೋರ್ಟಲ್‌ನಲ್ಲಿ ಆದ ತಪ್ಪು ಒಂದೇ ದಿನದಲ್ಲಿ ನಾಲ್ಕು ಇಲಾಖೆ ಮುಟ್ಟುತ್ತದೆ. ಆದ್ದರಿಂದ ಮೊದಲ ನಮೂದನ್ನು ಮಾಡುವ ಕೈ ಈಗ ಇನ್ನೂ ಪಳಗಿದ್ದಾಗಿರಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಗುಮಾಸ್ತರೆಂದರೆ ನಾಳೆ ಬಾ ಎನ್ನುವವರು, ಟಿ.ಸಿ.ಗೆ ಕೈ ಚಾಚುವವರು ಎಂಬ ಕಹಿ ಅನೇಕರಲ್ಲಿದೆ, ಅದು ಸುಳ್ಳೆಂದು ಹೇಳಲಾಗದು. ಆದರೆ ಒಬ್ಬರೇ ಮೂರು ಶಾಲೆಯ ಹೆಚ್ಚುವರಿ ಹೊಣೆ ಹೊತ್ತು ವಾರಕ್ಕೆರಡು ದಿನ ಮಾತ್ರ ಸಿಗುವ ವ್ಯವಸ್ಥೆಯಲ್ಲಿ ಆ ಕಹಿ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಸಿಗದ ಸೇವೆಗೇ ಬೆಲೆ ಏರುವುದು. ಸೇವೆಗೆ ಕಾಲಮಿತಿ ಹಾಕುವ ಸಕಾಲ ಕಾಯ್ದೆ ನಮ್ಮ ರಾಜ್ಯದಲ್ಲಿ 2012ರಿಂದಲೇ ಇದೆ. ಕಾಲಮಿತಿ ಪಾಲಿಸಬೇಕಾದವರ ಕುರ್ಚಿಯೇ ಖಾಲಿಯಿದ್ದರೆ ಅದನ್ನು ಯಾರ ಮೇಲೆ ಹೇರುವುದು? ತಪ್ಪಿತಸ್ಥರನ್ನು ಶಿಕ್ಷಿಸಬೇಕು. ಅದರ ಜೊತೆಗೇ, ಒಂದು ರೂಪಾಯಿ ಮುಟ್ಟದೆ, ರಜೆಯಲ್ಲೂ ಬೀಗದ ಕೈ ತಂದು ಪುಸ್ತಕ ತೆಗೆದುಕೊಟ್ಟ ನೂರಾರು ಗುಮಾಸ್ತರನ್ನು ಆ ಕೆಲವರ ಲೆಕ್ಕಕ್ಕೆ ಸೇರಿಸಿ ಮರೆಯುವುದು ಅನ್ಯಾಯ.

ಹಣದ ಪ್ರಶ್ನೆ ಉಳಿಯಿತು. ಶಿಕ್ಷಕರ ಹುದ್ದೆಗಳೇ ಖಾಲಿಯಿರುವಾಗ ಗುಮಾಸ್ತರೆಲ್ಲಿ ಎನ್ನುತ್ತಾರೆ. ದ್ವಿತೀಯ ದರ್ಜೆ ಸಹಾಯಕರ ವೇತನ ಶ್ರೇಣಿ ಶಿಕ್ಷಕರದ್ದಕ್ಕಿಂತ ಕಡಿಮೆ. ಹೆಚ್ಚು ಸಂಬಳದವರಿಂದ ಕಡಿಮೆ ಸಂಬಳದವರ ಕೆಲಸ ಮಾಡಿಸಿಕೊಂಡು, ಅವರ ಪಾಠದ ಹೊತ್ತನ್ನೂ ಕಳೆದುಕೊಳ್ಳುವುದು ಉಳಿತಾಯ ಹೇಗಾದೀತು? ಬೇರೆ ದೇಶದ ಒಂದು ಉದಾಹರಣೆ ನೋಡಿ. ಐರ್ಲೆಂಡ್‌ನಲ್ಲಿ ಬಹುಕಾಲ ನಮ್ಮ ಗುಮಾಸ್ತರಂಥ ಅನೇಕ ಶಾಲಾ ಕಾರ್ಯದರ್ಶಿಗಳಿಗೆ ಅನುದಾನದ ಹಣದಿಂದ ಸಂಬಳ ಸಿಗುತ್ತಿತ್ತು, ಬೇಸಿಗೆ ರಜೆಯಲ್ಲಿ ಅದೂ ಇರುತ್ತಿರಲಿಲ್ಲ. ಹೋರಾಡಿ 2023ರಲ್ಲಿ ಅವರು ಇಲಾಖೆಯ ವೇತನ ಪಟ್ಟಿಗೆ ಬಂದರು. ಪಿಂಚಣಿಗಾಗಿ 2025ರ ಆಗಸ್ಟ್ ಕೊನೆಯಲ್ಲಿ, ಶಾಲೆ ತೆರೆಯುವ ಹೊತ್ತಿಗೇ ಮುಷ್ಕರ ಹೂಡಿದರು. ಸುಮಾರು ಒಂದು ವಾರದಲ್ಲಿ ಸರ್ಕಾರ ಮಾತುಕತೆಗೆ ಒಪ್ಪಿತು. ಶಾಲಾ ಕಚೇರಿಯ ಮೇಜಿನ ಹಿಂದೆ ಯಾರೂ ಇಲ್ಲದಿದ್ದರೆ ಏನಾಗುತ್ತದೆಂದು ಅಲ್ಲಿನ ಪೋಷಕರು ಕಣ್ಣಾರೆ ಕಂಡರು. ನಮ್ಮಲ್ಲಿ ಆ ಮೇಜು ಬರಿದಾಗಿ ವರ್ಷಗಳೇ ಆಗಿರುವುದರಿಂದ ಮುಷ್ಕರದ ಸದ್ದೂ ಇಲ್ಲ.

ಪ್ರತಿ ಪ್ರಾಥಮಿಕ ಶಾಲೆಗೂ ಒಬ್ಬ ಗುಮಾಸ್ತರು ಬೇಕೆಂದು ಕೇಳುವುದು ಅತಿಯಾದೀತು. ಆದರೆ ಇಲಾಖೆಯಲ್ಲಿ ಅಕ್ಕಪಕ್ಕದ ಶಾಲೆಗಳನ್ನು ಒಟ್ಟುಗೂಡಿಸಿದ ಕ್ಲಸ್ಟರ್ ಎಂಬ ಘಟಕ ಈಗಾಗಲೇ ಇದೆ. ಒಂದು ಕ್ಲಸ್ಟರಿಗೆ ಒಬ್ಬ ಕಾಯಂ ಗುಮಾಸ್ತರನ್ನು ಕೊಟ್ಟು, ದಾಖಲಾತಿ, ಟಿ.ಸಿ., ಪೋರ್ಟಲ್‌ಗಳ ಹೊಣೆ ಅವರಿಗೆ ವಹಿಸಬಹುದು. ವಲಸೆ ಮಕ್ಕಳು ಹೆಚ್ಚಿರುವ ಜಿಗಣಿ, ಅತ್ತಿಬೆಲೆ ಹೋಬಳಿಗಳಿಂದ ಇದನ್ನು ಆರಂಭಿಸುವುದು ನ್ಯಾಯ. ಚಿಕ್ಕ ಶಾಲೆಗಳನ್ನು ಕರ್ನಾಟಕ ಪಬ್ಲಿಕ್ ಶಾಲೆಗಳ ಜೊತೆ ಸೇರಿಸುವ ಮಾತು ನಡೆಯುತ್ತಿರುವ ಈ ಹೊತ್ತಿನಲ್ಲಿ, ಮುಚ್ಚುವ ಶಾಲೆಯ ಹಳೆಯ ಪುಸ್ತಕಗಳು ಎಲ್ಲಿಗೆ ಹೋಗುತ್ತವೆ, ಯಾರ ವಶದಲ್ಲಿರುತ್ತವೆ ಎಂಬುದಕ್ಕೆ ಲಿಖಿತ ಆದೇಶ ಬೇಕು. ಗೆದ್ದಲು ಹಿಡಿಯುವ ಮೊದಲು ಅವನ್ನು ಸ್ಕ್ಯಾನ್ ಮಾಡಿಸಬೇಕು. ಸುತ್ತಲಿನ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದಲ್ಲಿ ಗೋಡೆಗೆ ಬಣ್ಣ ಬಳಿಸುವಾಗ ಇದಕ್ಕೂ ಒಂದು ಪಾಲು ಎತ್ತಿಡುವಂತೆ ಎಸ್‌ಡಿಎಂಸಿಗಳು ಕೇಳಬಹುದು. ಇನ್ನೊಂದು ಕೆಲಸಕ್ಕೆ ಆದೇಶವೂ ಬೇಡ, ಹೆಚ್ಚು ಹಣವೂ ಬೇಡ. ಮುಖ್ಯೋಪಾಧ್ಯಾಯರ ಹೆಸರು, ಸೇವಾ ಅವಧಿಯ ಫಲಕ ತೂಗಿರುವ ಪ್ರೌಢಶಾಲೆಗಳಲ್ಲಿ ಗುಮಾಸ್ತರ ಹೆಸರುಗಳನ್ನೂ ಇಸವಿ ಸಹಿತ ಬರೆಸಬೇಕು. ಹಳೆಯ ಹಾಜರಾತಿ, ವೇತನ ಬಟವಾಡೆ ಪುಸ್ತಕಗಳಲ್ಲಿ ಆ ಹೆಸರುಗಳಿವೆ. ಬಿಟ್ಟುಹೋದದ್ದನ್ನು ತುಂಬಿಕೊಡಬಲ್ಲ ಹಿರಿಯ ವಿದ್ಯಾರ್ಥಿಗಳು ಆನೇಕಲ್ ಪೇಟೆಯಲ್ಲಿ, ಸರ್ಜಾಪುರದಲ್ಲಿ, ಚಂದಾಪುರದಲ್ಲಿ ಇನ್ನೂ ಇದ್ದಾರೆ. ಅವರನ್ನು ಈ ವರ್ಷವೇ ಕೇಳಬೇಕು.