ಪಂಚಾಯಿತಿಯ ಗಣಕಯಂತ್ರ

‘ಭೂಮಿ’ ಯೋಜನೆಯು 2000ದ ಸುಮಾರಿಗೆ ಕೈಬರಹದ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿದಂದಿನಿಂದ ಕರ್ನಾಟಕವು ವಿದ್ಯುನ್ಮಾನ ಆಡಳಿತದಲ್ಲಿ ಅಗ್ರಗಣ್ಯವೆನಿಸಿಕೊಂಡು ಬಂದಿರುವುದು ಸರ್ವವಿದಿತ. ಆದರೆ ಆ ಕೀರ್ತಿಯ ಭಾರವನ್ನು ನಿತ್ಯವೂ ಹೊರುತ್ತಿರುವವರು ರಾಜಧಾನಿಯ ತಂತ್ರಜ್ಞರಲ್ಲ. ‘ಪಂಚತಂತ್ರ’ ತಂತ್ರಾಂಶದಲ್ಲಿ ತೆರಿಗೆಯ ಲೆಕ್ಕವನ್ನೂ, ‘ಇ-ಸ್ವತ್ತಿ’ನಲ್ಲಿ ಆಸ್ತಿಯ ನಮೂನೆ 9 ಮತ್ತು 11ನ್ನೂ, ‘ಗಾಂಧಿ ಸಾಕ್ಷಿ ಕಾಯಕ’ದಲ್ಲಿ ಕಾಮಗಾರಿಗಳ ವಿವರವನ್ನೂ ತುಂಬಬೇಕಾಗಿರುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಮತ್ತು ಅವರ ಮಗ್ಗುಲಲ್ಲಿ ಕುಳಿತ ಡೇಟಾ ಎಂಟ್ರಿ ಆಪರೇಟರುಗಳು.

ಮನೆಯ ಖಾತೆಗಾಗಿ ಬಸ್ಸು ಹಿಡಿದು ಬಂದ ವೃದ್ಧೆಯೊಬ್ಬಳಿಗೆ ‘ಸರ್ವರ್ ಇಲ್ಲ, ನಾಳೆ ಬಾರಮ್ಮ’ ಎಂಬ ಉತ್ತರವು ದೊರೆತಾಗ, ಅದನ್ನು ಸಿಬ್ಬಂದಿಯ ಆಲಸ್ಯವೆಂದು ಭಾವಿಸುವುದು ಸುಲಭ. ಆದರೆ ಎರಡು ಪಂಚಾಯಿತಿಗಳ ಪ್ರಭಾರವನ್ನು ಹೊತ್ತ ಅಧಿಕಾರಿಯು ಇನ್ನೊಂದೂರಿಗೆ ಹೋದ ದಿನ ಅವರ ಡಿಜಿಟಲ್ ಸಹಿಯೂ ಅವರೊಡನೆಯೇ ಹೋಗಿರುತ್ತದೆ. ಆ ಸಹಿಯ ಕೀಲಿಯನ್ನು ಆಪರೇಟರರ ವಶಕ್ಕೆ ಒಪ್ಪಿಸಿ ಹೋದರಂತೂ ಹೊಣೆಗಾರಿಕೆಯೇ ನಷ್ಟವಾದಂತೆ, ಮತ್ತು ಇದು ವಿಳಂಬಕ್ಕಿಂತ ಎಷ್ಟೋ ಪಾಲು ಗಂಭೀರವಾದ ದೋಷವೆಂದು ನಾವು ಭಾವಿಸುತ್ತೇವೆ.

ಹೊಸ ತಂತ್ರಾಂಶವು ಸುತ್ತೋಲೆಯೊಡನೆ ಇಳಿದು ಬರುತ್ತದೆ, ತರಬೇತಿಯು ಒಂದೆರಡು ದಿನದ ಕಾರ್ಯಾಗಾರದಲ್ಲಿ ಮುಗಿಯುತ್ತದೆ. ತಂತ್ರಾಂಶವನ್ನು ಬಳಸಬೇಕಾದವರ ಅಭಿಪ್ರಾಯವನ್ನು ಮೊದಲೇ ಕೇಳುವ ಪರಿಪಾಠವು ಇನ್ನೂ ನೆಲೆಗೊಂಡಿಲ್ಲ. ಒಮ್ಮೆ ದಾಖಲಾದ ಮಾಹಿತಿಯನ್ನು ಮತ್ತೊಂದು ತಂತ್ರಾಂಶಕ್ಕೆ ಮತ್ತೆ ಬೆರಳಚ್ಚಿಸುವ ವ್ಯರ್ಥಶ್ರಮವು ಮೊದಲು ನಿಲ್ಲಬೇಕು. ಖಾಲಿ ಹುದ್ದೆಗಳನ್ನು ಭರ್ತಿಮಾಡಿ, ಪ್ರತಿಯೊಂದು ತಾಲ್ಲೂಕು ಪಂಚಾಯಿತಿಯಲ್ಲಿಯೂ ಕರೆದೊಡನೆ ಹಳ್ಳಿಗೆ ಬರುವ ತಾಂತ್ರಿಕ ಸಹಾಯಕರನ್ನು ನೇಮಿಸುವ ಕಾರ್ಯವನ್ನು ಸರಕಾರವು ಮುಂದಿನ ಆಯವ್ಯಯದಲ್ಲಿಯೇ ಕೈಗೊಳ್ಳತಕ್ಕದ್ದು.