ಗೌರಸಮುದ್ರದ ಮೂಳೆ ಯಾರ ಪಟ್ಟಿಯಲ್ಲಿದೆ?

ಮಾರಮ್ಮನ ಜಾತ್ರೆಗೆ ಆಂಧ್ರದಿಂದಲೂ ಜನ ಬರುವ ಗೌರಸಮುದ್ರದ ಸೀಮೆಗೆ ಫ್ಲೋರೈಡ್ ಹಳೆಯ ಪಿಡುಗು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಕೊಳವೆಬಾವಿ ನೀರು ಮಕ್ಕಳ ಹಲ್ಲಿಗೆ ಕಂದು ಕಲೆ ಹಚ್ಚುತ್ತದೆ, ದುಡಿದವರ ಕೀಲು ಬಿಗಿಸುತ್ತದೆ. ಔಷಧ ಪ್ರಯೋಗಗಳು ಮಾತ್ರ ಹೆಚ್ಚಾಗಿ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗಗಳ ಸುತ್ತ. ಅವೂ ಬೇಕು, ನಮ್ಮ ಹಳ್ಳಿಗಳಲ್ಲೂ ಅವು ಇವೆ. ಆದರೆ ಬಡವರ ಮೂಳೆಗೆ ಮಾರುಕಟ್ಟೆಯಿಲ್ಲ. 2009ರಿಂದ ದೇಶದ ಔಷಧ ಪ್ರಯೋಗಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಾರ್ವಜನಿಕ ನೋಂದಣಿ ಪಟ್ಟಿಗೆ ಸೇರಬೇಕು. ನಮ್ಮ ಮೂಳೆ ಅದರಲ್ಲಿ ಎಲ್ಲಿದೆ ಎಂದು ಜಿಲ್ಲೆಯ ಶಾಸಕರು ಆ ಪಟ್ಟಿಯನ್ನು ಒಮ್ಮೆ ತೆರೆದು ನೋಡಲಿ. ಬಾಗಿದ ಮೂಳೆಯನ್ನು ನೆಟ್ಟಗಾಗಿಸುವ ಮದ್ದಿಲ್ಲ, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರದ ನೀರೇ ಮೊದಲ ಚಿಕಿತ್ಸೆ. ಇನ್ನು ಯಾವ ಪೌಷ್ಟಿಕ ಆಹಾರ ಫ್ಲೋರೈಡ್‌ನ ಹಾನಿಯನ್ನು ಎಷ್ಟು ತಗ್ಗಿಸುತ್ತದೆ ಎಂಬ ಪ್ರಯೋಗಕ್ಕೆ ಕಂಪನಿಗಳು ಬರುವುದಿಲ್ಲ. ಅದರ ಖರ್ಚನ್ನು ಸರ್ಕಾರವೇ ಹೊರಬೇಕು.